ದೆವ್ವದ ದಲ್ಲಾಳಿಗಳ ದಿವ್ಯ ಸನ್ನಿಧಾನಕ್ಕೆ

ಭಯಾನಕ ಸಿನಿಮಾಗಳ ಪ್ರಚಾರ ವಿಭಾಗದಲ್ಲಿ ಹಗಲಿರುಳು ದುಡಿಯುತ್ತಿರುವ ಮಹನೀಯರ ಪಾದಾರವಿಂದಗಳಿಗೆ ಲಂಡನ್ನಿನ ಕ್ಯಾನರಿ ವಾರ್ಫ್ ನಿವಾಸಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಜನ ಕ್ಷೇಮವಾಗಿರುವುದು ತಮಗೆ ಅಷ್ಟಾಗಿ ಹಿಡಿಸುವ ಸುದ್ದಿಯಲ್ಲವೆಂದು ಬಲ್ಲೆ. ಆದರೂ ಕಾಗದ ಬರೆಯುವ ಪದ್ಧತಿ ಬಿಡಲಾಗದು, ಕ್ಷಮಿಸಬೇಕು.

ಮೊದಲಿಗೆ ಈ ಬಡಪಾಯಿಯ ಪರಿಚಯ. ಇಲ್ಲಿನ ಗಾಜಿನ ಗೋಪುರವೊಂದರಲ್ಲಿ, ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ನನಗೆ ಕೆಲಸ. ನಾಳೆ ಏನೇನು ಕೆಡಬಹುದು, ಕೆಟ್ಟರೆ ಎಷ್ಟು ಕೈಬಿಟ್ಟುಹೋಗುತ್ತದೆ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಲೆಕ್ಕ ಹಾಕಿ, ಆ ಭಯವನ್ನು ಕೆಂಪು, ಹಳದಿ, ಹಸಿರು ಚೌಕಗಳಲ್ಲಿ ತುಂಬಿ ಮೇಲಿನವರಿಗೆ ಕಳುಹಿಸುವುದು ನನ್ನ ಕಸುಬು. ಅಂದರೆ ತಾವೂ ನಾನೂ ಒಂದೇ ಕುಲದವರು, ಭಯ ಮಾರಿ ಅನ್ನ ಉಣ್ಣುವವರು. ನಾನು ಹೆದರಿಸಿದರೆ ಜನ ಮೀಟಿಂಗನ್ನು ಮುಂದಿನ ವಾರಕ್ಕೆ ಹಾಕುತ್ತಾರೆ, ತಾವು ಹೆದರಿಸಿದರೆ ಟಿಕೆಟ್ ಕೊಳ್ಳುತ್ತಾರೆ. ಈ ಹೊಟ್ಟೆಕಿಚ್ಚನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸರಾಗ.

ತಮ್ಮ ಉಪಕಾರಗಳಲ್ಲಿ ನಿತ್ಯದ್ದನ್ನು ಮೊದಲು ಸ್ಮರಿಸುತ್ತೇನೆ. ಅಕ್ಟೋಬರ್ ಬಂತೆಂದರೆ ಸುರಂಗ ರೈಲಿನ ಎಸ್ಕಲೇಟರುಗಳ ಪಕ್ಕದ ಪರದೆಗಳಲ್ಲಿ ತಾವು ದರ್ಶನ ಕೊಡುತ್ತೀರಿ. ಮೊದಲ ಪರದೆಯಲ್ಲಿ ಒಂದು ಬಾಗಿಲು, ಎರಡನೆಯದರಲ್ಲಿ ಬಾಗಿಲು ಅರ್ಧ ತೆರೆದಿದೆ, ಮೂರನೆಯದರಲ್ಲಿ ಒಂದು ಕೈ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕಣ್ಣುಗುಡ್ಡೆ ಇಲ್ಲದ ಹೆಂಗಸೊಬ್ಬಳು ನನ್ನ ಹೆಗಲ ಎತ್ತರಕ್ಕೇ ಬಾಯಿ ತೆರೆದು ನಿಂತಿರುತ್ತಾಳೆ, ಕೆಳಗೆ ‘ಶುಕ್ರವಾರದಿಂದ’ ಎಂದಿರುತ್ತದೆ. ಬೆಳಗಿನ ಎಂಟೂವರೆಗೆ, ಕಾಫಿ ಹೊಟ್ಟೆಗೆ ಬೀಳುವ ಮುಂಚೆ, ಇಷ್ಟೊಂದು ಕಾಳಜಿಯಿಂದ ನನ್ನನ್ನು ಎಚ್ಚರಿಸುವವರು ಈ ಊರಿನಲ್ಲಿ ಬೇರೆ ಯಾರಿದ್ದಾರೆ? ಒಂದೇ ಒಂದು ವಿನಂತಿ. ಅದೇ ಹೊತ್ತಿಗೆ ಎದುರಿನ ಎಸ್ಕಲೇಟರಿನಲ್ಲಿ ರಾತ್ರಿಪಾಳಿ ಮುಗಿಸಿ ಇಳಿಯುತ್ತಿರುವವರ ಮುಖಗಳನ್ನೂ ಒಮ್ಮೆ ನೋಡಬೇಕು. ತಮ್ಮ ಮೇಕಪ್ಪಿನ ಖರ್ಚು ಉಳಿದೀತು.

ಎರಡನೆಯ ಉಪಕಾರ ನಮ್ಮ ಪೇಟೆಗೆ ತಾವು ಮಾಡಿದ ಸನ್ಮಾನ. 2007ರಲ್ಲಿ ತೆರೆಕಂಡ ‘28 ವೀಕ್ಸ್ ಲೇಟರ್’ ಚಿತ್ರದಲ್ಲಿ ಇಡೀ ಬ್ರಿಟನ್ ಸೋಂಕಿಗೆ ಬಲಿಯಾದ ಮೇಲೆ, ಬದುಕುಳಿದವರನ್ನು ವಾಪಸು ತಂದು ಇರಿಸುವ ಸುರಕ್ಷಿತ ವಲಯವೆಂದರೆ ಕ್ಯಾನರಿ ವಾರ್ಫ್ ಇರುವ ಈ ಐಲ್ ಆಫ್ ಡಾಗ್ಸ್. ಇಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಕಥೆ ಸುಲಭವಾಗಿ ಅರ್ಥವಾಗುತ್ತದೆ. ಲೋಕವೆಲ್ಲ ಮುಳುಗಿದ ಮೇಲೂ ಇಲ್ಲಿ ಮನೆ ಸಿಗುವುದು ಆಯ್ದ ಕೆಲವರಿಗೆ ಮಾತ್ರ. ಆಮೇಲೆ ಸೈನ್ಯದವರು ಆ ವಲಯಕ್ಕೇ ಬೆಂಕಿ ಸುರಿಯುತ್ತಾರೆ. ನಮ್ಮ ಕಟ್ಟಡಗಳು ಅಷ್ಟು ಚೆನ್ನಾಗಿ ಉರಿಯುತ್ತವೆಂದು ಪರದೆಯ ಮೇಲೆ ತೋರಿಸಿಕೊಟ್ಟದ್ದಕ್ಕೆ ಈ ಭಾಗದ ಸಮಸ್ತ ಬಾಡಿಗೆದಾರರ ಪರವಾಗಿ ಧನ್ಯವಾದಗಳು.

ಆ ಚಿತ್ರದ ಪ್ರಚಾರವನ್ನಂತೂ ನಿತ್ಯ ಪಾರಾಯಣ ಮಾಡಬೇಕು. ಬಿಡುಗಡೆಗೆ ಸರಿಯಾಗಿ 28 ದಿನ ಮುಂಚೆ, 2007ರ ಏಪ್ರಿಲ್ 13ರಂದು, ಡೋವರ್‌ನ ಬಿಳಿ ಬಂಡೆಗಳ ಮೇಲೆ ಜೈವಿಕ ಅಪಾಯದ ಚಿಹ್ನೆಯನ್ನು ಬೆಳಕಿನಲ್ಲಿ ಮೂಡಿಸಿ, ಬ್ರಿಟನ್ ಕಲುಷಿತವಾಗಿದೆ, ಯಾರೂ ಒಳಗೆ ಬರಬೇಡಿ ಎಂದು ಸಾರಿದಿರಿ. ಸಮುದ್ರ ದಾಟಿ ಬರುವವರು ಈ ದೇಶದಲ್ಲಿ ಮೊದಲು ಕಾಣುವ ಗೋಡೆ ಅದು. ಬರಬೇಡಿ ಎಂಬ ಮಾತು ವೀಸಾ ಅರ್ಜಿ ತುಂಬಿದ ನನ್ನಂಥವರಿಗೆ ಹೊಸತೇನಲ್ಲ. ಆದರೆ ಅಷ್ಟು ಸುಂದರವಾದ ಅಕ್ಷರಗಳಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಅದೇ ಪ್ರಚಾರದಲ್ಲಿ ಒಂದು ಅಂತರ್ಜಾಲ ವಿಳಾಸವನ್ನೂ ಸಾರಿದ್ದಿರಿ. ವಿಳಾಸವನ್ನು ತಮ್ಮ ಹೆಸರಿಗೆ ನೋಂದಾಯಿಸುವುದನ್ನು ಮಾತ್ರ ಮರೆತಿದ್ದಿರಿ, ಬೇರೊಬ್ಬರು ಅದನ್ನು ಕೊಂಡುಕೊಂಡರು. ಮನೆಗೆ ದೆವ್ವ ಕರೆದು ಬಾಗಿಲ ಬೀಗದ ಕೈಯನ್ನು ಬೀದಿಯಲ್ಲಿ ಬಿಟ್ಟಂತಾಯಿತು. ದೊಡ್ಡವರ ಮರೆವೂ ದೊಡ್ಡದೇ.

ಇಲ್ಲೊಂದು ಸಣ್ಣ ಅಹವಾಲು. ತಾವು ಬಾಡಿಗೆಗೆ ತಂದ ಆ ಚಿಹ್ನೆಗಳಿಗೆ ಇಲ್ಲಿ ಮೊದಲೇ ಬೇರೆ ಕೆಲಸವಿತ್ತು. 1996ರ ಫೆಬ್ರವರಿ 9ರ ಸಂಜೆ, ಏಳು ದಾಟಿ ನಿಮಿಷವಾಗಿತ್ತೋ ಇಲ್ಲವೋ, ಇಲ್ಲಿಂದ ನಾಲ್ಕು ಹೆಜ್ಜೆ ದೂರದ ಸೌತ್ ಕೀ ಬಳಿ ಐರಿಶ್ ಸಶಸ್ತ್ರ ಸಂಘಟನೆ ಐ.ಆರ್.ಎ. ಇಟ್ಟ ಲಾರಿ ಬಾಂಬ್ ಸಿಡಿಯಿತು. ಪತ್ರಿಕೆ ಮಾರುವ ಪುಟ್ಟ ಅಂಗಡಿಯಲ್ಲಿದ್ದ ಇಬ್ಬರು ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2008ರ ಸೆಪ್ಟೆಂಬರ್ 15ರಂದು ಬ್ಯಾಂಕ್ ಸ್ಟ್ರೀಟಿನ 25ನೇ ನಂಬರಿನ ಕಟ್ಟಡದಿಂದ ದಿವಾಳಿಯೆದ್ದ ಲೇಮನ್ ಬ್ರದರ್ಸ್ ಬ್ಯಾಂಕಿನ ನೌಕರರು ರಟ್ಟಿನ ಪೆಟ್ಟಿಗೆ ಎದೆಗವಚಿಕೊಂಡು ಸಾಲಾಗಿ ಹೊರಬಂದರು. 2020ರ ಮಾರ್ಚ್‌ನಲ್ಲಿ ಈ ಗೋಪುರಗಳೆಲ್ಲ ಒಂದೇ ವಾರದಲ್ಲಿ ಬರಿದಾದವು. ಏಪ್ರಿಲ್ 3ರಂದು ಇಲ್ಲೇ ಪೂರ್ವಕ್ಕಿರುವ ಎಕ್ಸೆಲ್ ಎಂಬ ವಸ್ತುಪ್ರದರ್ಶನದ ಸಭಾಂಗಣದಲ್ಲಿ ನಾಲ್ಕು ಸಾವಿರ ಹಾಸಿಗೆ ಹಾಕಬಲ್ಲ ತುರ್ತು ಆಸ್ಪತ್ರೆ ತೆರೆಯಿತು. ಈ ಮೂರಕ್ಕೂ ಟ್ರೇಲರ್ ಇರಲಿಲ್ಲ, ಪ್ರೀಮಿಯರ್ ಇರಲಿಲ್ಲ, ‘ಶುಕ್ರವಾರದಿಂದ’ ಎಂಬ ಪಟ್ಟಿಯೂ ಇರಲಿಲ್ಲ. ಹಳದಿ ಪಟ್ಟೆ, ‘ಒಳಗೆ ಬರಬೇಡಿ’ ಫಲಕ, ಆಂಬುಲೆನ್ಸು, ಕಾಣೆಯಾದವರ ಚಿತ್ರ, ಇವು ಊರಿನವರ ಪಾಲಿಗೆ ದೇವಸ್ಥಾನದ ಗಂಟೆ ಇದ್ದ ಹಾಗೆ, ಬಾರಿಸಬೇಕಾದಾಗ ಬಾರಿಸುವುದಕ್ಕೆ. ತಾವು ದಿನಾ ಬಂದು ಬಾರಿಸಿ ಅದರ ನಾದವನ್ನು ಸಾರ್ವಜನಿಕರಿಗೆ ಚಿರಪರಿಚಿತಗೊಳಿಸಿದ್ದೀರಿ. ಈಗ ಗಂಟೆ ಬಾರಿಸಿದರೆ ಯಾರೂ ತಲೆ ಎತ್ತುವುದಿಲ್ಲ. ಇಂಥ ಪ್ರಶಾಂತತೆಯನ್ನು ಕರುಣಿಸಿದ್ದಕ್ಕೆ ಹೇಗೆ ಋಣ ತೀರಿಸಲಿ?

ತಮ್ಮ ಮೂಲಪುರುಷರನ್ನು ನೆನೆಯದೆ ಮುಂದುವರಿದರೆ ಅಪಚಾರ. ಹಾಲಿವುಡ್‌ನ ವಿಲಿಯಂ ಕ್ಯಾಸಲ್ 1958ರಲ್ಲಿ ‘ಮಕಾಬ್ರ್’ ಚಿತ್ರ ತಂದಾಗ, ಸಿನಿಮಾ ನೋಡುತ್ತಾ ಹೆದರಿ ಸತ್ತವರ ವಾರಸುದಾರರಿಗೆ ಸಾವಿರ ಡಾಲರ್ ಎಂದು ಪ್ರೇಕ್ಷಕರಿಗೆಲ್ಲ ವಿಮೆ ಮಾಡಿಸಿದರು. ಮಾಡಿಸಿದ್ದು ಎಲ್ಲಿ? ಇದೇ ಲಂಡನ್ನಿನ ಲಾಯ್ಡ್ಸ್‌ನಲ್ಲಿ. ಥಿಯೇಟರಿನ ಪಡಸಾಲೆಯಲ್ಲಿ ನರ್ಸುಗಳನ್ನು, ಹೊರಗೆ ಹೆಣದ ಗಾಡಿಯನ್ನು ನಿಲ್ಲಿಸಿದರು. ಮೊದಲೇ ಹೃದ್ರೋಗ ಇದ್ದವರಿಗೆ ವಿಮೆ ಅನ್ವಯಿಸದು ಎಂಬ ಷರತ್ತನ್ನೂ ಮರೆಯಲಿಲ್ಲ. ರಿಸ್ಕ್ ವಿಭಾಗದವನಾಗಿ ನಾನು ಆ ಷರತ್ತಿಗೆ ಕೈಮುಗಿಯುತ್ತೇನೆ. ಮರುವರ್ಷ ‘ದಿ ಟಿಂಗ್ಲರ್’ ಚಿತ್ರಕ್ಕೆ ಕೆಲವು ಕುರ್ಚಿಗಳ ಅಡಿಯಲ್ಲಿ ಗುಂಯ್‌ಗುಡುವ ಮೋಟಾರು ಕಟ್ಟಿಸಿದರು. ‘ಹೌಸ್ ಆನ್ ಹಾಂಟೆಡ್ ಹಿಲ್’ಗೆ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ಹಾರಿಸಿದರು. ಹುಡುಗರು ಹೆದರುವ ಬದಲು ಅದಕ್ಕೆ ಪಾಪ್‌ಕಾರ್ನ್ ಡಬ್ಬಿ ಎಸೆದು ಗುರಿ ಅಭ್ಯಾಸ ಮಾಡಿದರು. 1961ರ ‘ಹೋಮಿಸೈಡಲ್’ನಲ್ಲಿ ಕೊನೆಗೆ 45 ಸೆಕೆಂಡು ಬಿಡುವು ಕೊಟ್ಟು, ಹೆದರಿದವರು ಎದ್ದು ಹೋಗಿ ದುಡ್ಡು ವಾಪಸು ಪಡೆಯಬಹುದು ಎಂದರು. ಪಡೆಯಲು ಮಾತ್ರ ಎಲ್ಲರ ಕಣ್ಣೆದುರಿಗೆ ‘ಪುಕ್ಕಲರ ಮೂಲೆ’ಗೆ ನಡೆದುಹೋಗಬೇಕಿತ್ತು. ನಾಚಿಕೆಗಿಂತ ಸಾವೇ ಲೇಸೆಂದು ಜನ ಕೂತರು. ಮಾನಕ್ಕೆ ಅಂಜುವ ನಮ್ಮ ಕಡೆಯವರ ಸ್ವಭಾವವನ್ನು ಅವರು ಯಾವಾಗ ಬಂದು ನೋಡಿಕೊಂಡು ಹೋದರೋ!

ಇನ್ನೊಬ್ಬ ಮಹಾನುಭಾವರು ಈ ನೆಲದವರೇ. 1899ರಲ್ಲಿ ಇಲ್ಲಿಂದ ಕೆಲವೇ ಮೈಲಿ ದೂರದ ಲೇಟನ್‌ಸ್ಟೋನಿನಲ್ಲಿ, ತರಕಾರಿ ವ್ಯಾಪಾರಿಯ ಮಗನಾಗಿ ಹುಟ್ಟಿದ ಆಲ್ಫ್ರೆಡ್ ಹಿಚ್‌ಕಾಕ್. 1960ರಲ್ಲಿ ‘ಸೈಕೋ’ಗೆ ತಡವಾಗಿ ಬಂದವರನ್ನು ಒಳಗೆ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿ, ತಡವಾಗಿ ಬರುವುದೇ ಹಕ್ಕೆಂದು ತಿಳಿದಿದ್ದ ಜನರನ್ನು ಸಾಲಿನಲ್ಲಿ ನಿಲ್ಲಿಸಿದರು. 1972ರಲ್ಲಿ ‘ಫ್ರೆಂಜಿ’ ಚಿತ್ರದ ಟ್ರೇಲರಿಗಾಗಿ ತಮ್ಮದೇ ಬೊಂಬೆಯನ್ನು ಥೇಮ್ಸ್ ನದಿಯಲ್ಲಿ ಹೆಣದಂತೆ ತೇಲಿಬಿಟ್ಟರು. ಸೂಟು, ಟೈ, ಹೊಟ್ಟೆ ಎಲ್ಲ ಸಮೇತ ಮಲಗಿದ ನಿರ್ದೇಶಕರು ಪ್ರೇಕ್ಷಕರ ಜೊತೆ ಮಾತಾಡುತ್ತಾ ತೇಲಿದರು. ಇವರ ಬಗ್ಗೆ ನನ್ನ ತಕರಾರಿಲ್ಲ. ಬೇರೆಯವರ ಹೆಣ ತೇಲಿಸುವ ಮೊದಲು ತಮ್ಮದನ್ನು ತೇಲಿಸಿದ ಪುಣ್ಯಾತ್ಮ. ತಮ್ಮ ವಿಭಾಗದ ಹಿರಿಯರು ಈ ಸತ್ಸಂಪ್ರದಾಯವನ್ನು ಮುಂದುವರಿಸಬೇಕೆಂದು ಸವಿನಯ ಪ್ರಾರ್ಥನೆ. ಥೇಮ್ಸ್ ಇನ್ನೂ ಅಲ್ಲೇ ಹರಿಯುತ್ತಿದೆ.

1999ರಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಬಂದಾಗ ತಮ್ಮ ಕಲೆ ಗೌರೀಶಂಕರವನ್ನು ಮುಟ್ಟಿತು. ಮೂವರು ನಟರ ಭಾವಚಿತ್ರ ಹಾಕಿ ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರ ಹಂಚಿದಿರಿ. ಸಿನಿಮಾ ವಿವರಗಳ ಪಟ್ಟಿಯಲ್ಲೂ ಅವರು ಸತ್ತಿರಬಹುದೆಂದು ಬರೆಸಿದಿರಿ. ನಟಿಯ ತಾಯಿಗೆ ಸಂತಾಪದ ಕಾರ್ಡುಗಳು ಬಂದವಂತೆ. ಮಗಳು ಜೀವಂತ, ತಾಯಿಯ ಕೈಯಲ್ಲಿ ಅಪರಿಚಿತರ ಸಂತಾಪ. ಸಿನಿಮಾ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಆ ಕಾರ್ಡುಗಳಿಗೆ ಹಚ್ಚಿದ ಅಂಚೆಚೀಟಿಯ ಖರ್ಚೂ ತಮ್ಮದಲ್ಲ, ಜನರದೇ. ಉಳಿತಾಯವೆಂದರೆ ಹೀಗಿರಬೇಕು. ನಮ್ಮ ಕನ್ನಡದಲ್ಲೂ 2013ರಲ್ಲಿ ಅದೇ ಜಾಡು ಹಿಡಿದು ‘6-5=2’ ಬಂತು. ಚಾರಣಕ್ಕೆ ಹೋದ ಗೆಳೆಯರು, ಕಾಡಿನಲ್ಲಿ ಸಿಕ್ಕ ಕ್ಯಾಮೆರಾ, ಅದರಲ್ಲಿದ್ದ ದೃಶ್ಯಗಳು. ಆರರಲ್ಲಿ ಐದು ಕಳೆದರೆ ಎರಡು ಎಂಬ ಲೆಕ್ಕವನ್ನು ನಾನು ಆಫೀಸಿನಲ್ಲಿ ಬರೆದಿದ್ದರೆ ಅಂದೇ ಮನೆಗೆ ಕಳುಹಿಸುತ್ತಿದ್ದರು. ತಾವು ಗೋಡೆಗೋಡೆಯ ಮೇಲೆ ಬರೆದಿರಿ, ಜನ ಹೆಚ್ಚಾದ ಆ ಒಂದನ್ನು ನೋಡಲು ಟಿಕೆಟ್ ತೆಗೆದರು. ಹೊಟ್ಟೆಕಿಚ್ಚು ಎಂದು ಮೊದಲೇ ಹೇಳಿದ್ದೇನಷ್ಟೆ.

ದೊಡ್ಡವರ ಮುಂದೆ ಚಿಕ್ಕ ಊರಿನ ಮಾತು ಆಡಬಹುದೇ? ನಾನು ತಿಪಟೂರು ಕಡೆಯವನು. ನಮ್ಮ ಟೆಂಟಿಗೆ ಹೊಸ ಚಿತ್ರ ಬಂದರೆ ಜಟಕಾ ಗಾಡಿಯ ಎರಡೂ ಮಗ್ಗುಲಿಗೆ ಪೋಸ್ಟರ್ ಅಂಟಿಸಿದ ತಟ್ಟಿ, ಒಳಗೆ ಬ್ಯಾಟರಿ, ಮೈಕು, ಒಬ್ಬ ಮನುಷ್ಯ. ‘ನಾ ನಿನ್ನ ಬಿಡಲಾರೆ’ ಬಂದಾಗ ಆತ ಓಣಿ ಓಣಿ ಸುತ್ತಿ, ಅನಂತನಾಗ್, ಲಕ್ಷ್ಮಿ ಅಭಿನಯದ ಭಯಂಕರ ಚಿತ್ರ, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಬನ್ನಿ, ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ ಎಂದು ಕೂಗಿದ. ಅದೇ ಉಸಿರಿನಲ್ಲಿ ಹೆಂಗಸರು, ಮಕ್ಕಳು ಕುಟುಂಬ ಸಮೇತ ಬರಬೇಕು ಎಂದೂ ಸೇರಿಸಿದ. ಗುಲಾಬಿ ಬಣ್ಣದ ತೆಳು ಹ್ಯಾಂಡ್‌ಬಿಲ್ಲುಗಳನ್ನು ಎಸೆಯುತ್ತಾ ಹೋದರೆ ನಾವು ಗಾಡಿಯ ಹಿಂದೆ ಧೂಳು ಕುಡಿಯುತ್ತಾ ಓಡಿದೆವು. ಬೆವರು ತಾಗಿದ ಅಂಗೈಗೆ ಅದರ ಬಣ್ಣ ಅಂಟಿ ಎರಡು ದಿನ ಹೋಗುತ್ತಿರಲಿಲ್ಲ. ಮಧ್ಯಾಹ್ನ ಅದೇ ಮನುಷ್ಯ ಅರಳಿಕಟ್ಟೆಯ ನೆರಳಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಊರನ್ನೇ ಹೆದರಿಸಿದವನ ಮೂಗಿನ ಮೇಲೆ ನೊಣ ಕೂತಿತ್ತು. ಆತ ಹೆದರಿಸಲು ಬಂದವನೆಂದು ಊರಿಗೆಲ್ಲ ಗೊತ್ತಿತ್ತು, ಊರಿಗೆ ಗೊತ್ತಿದೆಯೆಂದು ಆತನಿಗೂ ಗೊತ್ತಿತ್ತು. ಎಷ್ಟು ಹಿಂದುಳಿದ ಪ್ರಚಾರ, ನೋಡಿ! ಯಾರನ್ನೂ ಮೋಸ ಮಾಡದೆ ಟೆಂಟು ತುಂಬಿಸುವ ಕಾಲವೊಂದಿತ್ತು.

ತಮ್ಮ ವೈದ್ಯಕೀಯ ಸೇವೆಯನ್ನೂ ಮರೆಯುವಂತಿಲ್ಲ. 2008ರಲ್ಲಿ ರಾಮ್ ಗೋಪಾಲ್ ವರ್ಮಾ ಅವರ ‘ಫೂಂಕ್’ ಬಂತು. ನಮ್ಮ ಸುದೀಪ್ ಹಿಂದಿಗೆ ಕಾಲಿಟ್ಟ ಚಿತ್ರ. ಖಾಲಿ ಥಿಯೇಟರಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದವರಿಗೆ ಐದು ಲಕ್ಷ ರೂಪಾಯಿ ಎಂದು ಸಾರಲಾಯಿತು, ಎದೆಗೆ ಇ.ಸಿ.ಜಿ. ತಂತಿ ಅಂಟಿಸಿಕೊಳ್ಳಬೇಕೆಂಬ ಷರತ್ತಿನೊಂದಿಗೆ. 2024ರಲ್ಲಿ ‘ಲಾಂಗ್‌ಲೆಗ್ಸ್’ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೇಷದಲ್ಲಿದ್ದ ನಿಕೊಲಸ್ ಕೇಜ್‌ನನ್ನು ಮೊದಲ ಬಾರಿ ಕಂಡಾಗ ನಾಯಕಿ ಮೈಕಾ ಮನ್ರೋ ಎದೆಬಡಿತ ನಿಮಿಷಕ್ಕೆ 76ರಿಂದ 170ಕ್ಕೆ ಏರಿತೆಂದು ಆ ಬಡಿತವನ್ನೇ ಕೇಳಿಸಿದರು. ಸ್ವಾಮೀ, ಇಷ್ಟು ಉತ್ತಮ ಯಂತ್ರಗಳು ತಮ್ಮ ಬಳಿ ಇರುವುದರಿಂದ ಒಂದು ಪ್ರಾರ್ಥನೆ. ಮನೆ ಬಾಡಿಗೆಯ ಕರಾರು ನವೀಕರಿಸುವ ಕಾಗದ ಬರುವ ದಿನ ದಯವಿಟ್ಟು ನನ್ನೆದೆಗೂ ಎರಡು ತಂತಿ ಅಂಟಿಸಿ. ನೂರ ಎಪ್ಪತ್ತು ಎಲ್ಲಿಯ ಲೆಕ್ಕ!

2018ರಲ್ಲಿ ‘ದಿ ನನ್’ ಚಿತ್ರಕ್ಕೆ ತಾವು ಮಾಡಿದ ಪುಟ್ಟ ಜಾಹೀರಾತು ಮೊದಲು ಫೋನಿನ ಧ್ವನಿ ತಗ್ಗುತ್ತಿರುವಂತೆ ತೋರಿಸಿ, ನೋಡುವವರು ಕಿವಿಗೊಟ್ಟ ಕ್ಷಣದಲ್ಲಿ ಕಿರುಚುವ ಮುಖವನ್ನು ಎಸೆಯುತ್ತಿತ್ತು. ಕೊನೆಗೆ ಯೂಟ್ಯೂಬೇ ಅದನ್ನು ತೆಗೆದುಹಾಕಿತು. 2022ರಲ್ಲಿ ‘ಸ್ಮೈಲ್’ಗಾಗಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ, ಟಿ.ವಿ. ಕ್ಯಾಮೆರಾಗೆ ಬೀಳುವ ಆಸನಗಳಲ್ಲಿ, ಕಣ್ಣು ಪಿಳುಕಿಸದೆ ನಗುವ ಜನರನ್ನು ಕೂರಿಸಿದಿರಿ. ಬ್ಯಾಂಕಿನ ವಾರ್ಷಿಕ ಸಭೆಗಳಲ್ಲಿ ಅಂಥ ನಗುವನ್ನು ಪುಕ್ಕಟೆಯಾಗಿ ಕಾಣುತ್ತಲೇ ಬಂದ ನಮಗೆ ಅಷ್ಟೇನೂ ಗಾಬರಿಯಾಗಲಿಲ್ಲ.

ಬರೀ ದೂರು ಬರೆದನೆಂಬ ಅಪಕೀರ್ತಿ ನನಗೆ ಬೇಡ. ಒಂದು ಸಲ ಮನಸಾರೆ ಕೈಮುಗಿದಿದ್ದೇನೆ. 2020ರ ಜನವರಿಯಲ್ಲಿ ಬಿ.ಬಿ.ಸಿ.ಯ ‘ಡ್ರಾಕುಲಾ’ ಸರಣಿಗೆ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಒಂದೊಂದು ಬಿಳಿ ಹಲಗೆ ನಿಲ್ಲಿಸಿದ್ದಿರಿ. ಹಗಲಿನಲ್ಲಿ ನೋಡಿದರೆ ರಕ್ತ ಮೆತ್ತಿದ ಮರದ ಗೂಟಗಳನ್ನು ಅಡ್ಡಾದಿಡ್ಡಿ ಚುಚ್ಚಿದ ಹಲಗೆ, ಅಷ್ಟೆ. ಕತ್ತಲಾದ ಮೇಲೆ ಪಕ್ಕದ ದೀಪ ಹೊತ್ತಿದರೆ ಆ ಗೂಟಗಳ ನೆರಳೆಲ್ಲ ಕೂಡಿಕೊಂಡು ಡ್ರಾಕುಲಾನ ಮುಖವಾಗುತ್ತಿತ್ತು. ಯಾರ ಹೆಗಲನ್ನೂ ಹಿಂದಿನಿಂದ ತಟ್ಟಲಿಲ್ಲ, ಯಾರ ತಾಯಿಗೂ ಸಂತಾಪ ಬರಲಿಲ್ಲ. ಬೆಳಕು ಮತ್ತು ಕತ್ತಲೆ ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ನಮ್ಮ ತೊಗಲುಬೊಂಬೆಯಾಟದವರು ಎಣ್ಣೆದೀಪ ಇಟ್ಟುಕೊಂಡು ತಲೆತಲಾಂತರದಿಂದ ಮಾಡುತ್ತಿದ್ದುದನ್ನು ತಾವೂ ಒಮ್ಮೆ ಮಾಡಿದಿರಿ. ಅಂಥದ್ದು ಅಪರೂಪವೆಂಬುದೇ ನನ್ನ ಕೊರಗು.

ಇನ್ನು ತಮಗೆ ಸ್ವಲ್ಪ ಮುಜುಗರವಾಗುವ ಮಾತು. ಹೆಚ್ಚು ಓಡಿದ ಭಯಗಳಿಗೆ ತಾವು ಕಾಸು ಖರ್ಚು ಮಾಡಿದ್ದೇ ಇಲ್ಲ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು, ಆಗಸ್ಟಿನಲ್ಲಿ ಅವರ ‘ಆಪ್ತಮಿತ್ರ’ ತೆರೆಗೆ ಬಂತು. 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಹೋದರು, ಫೆಬ್ರವರಿಯಲ್ಲಿ ಅವರ ‘ಆಪ್ತರಕ್ಷಕ’ ಬಂತು. ಎಲ್ಲವೂ ಆ ಚಿತ್ರಗಳ ದೆವ್ವ ನಾಗವಲ್ಲಿಯ ಶಾಪ ಎಂದು ನಾವೇ ಹೇಳಿಕೊಂಡು ತಿರುಗಿದೆವು. ಇಬ್ಬರು ಪ್ರೀತಿಪಾತ್ರರ ಸಾವನ್ನು ಚಹಾ ಅಂಗಡಿಯಲ್ಲಿ ಪೋಸ್ಟರ್ ಮಾಡಿದ ಪಾಪ ತಮ್ಮದಲ್ಲ, ನಮ್ಮದು. 2024ರ ಡಿಸೆಂಬರಿನಲ್ಲಿ ‘28 ಇಯರ್ಸ್ ಲೇಟರ್’ ಟ್ರೇಲರ್ ಬಂದಾಗಲೂ ಹಾಗೆಯೇ ಆಯಿತು. ಕಿಪ್ಲಿಂಗ್‌ನ ಪದ್ಯವೊಂದರ 1915ರ ಧ್ವನಿಮುದ್ರಣವನ್ನು ಹಿನ್ನೆಲೆಗೆ ಹಾಕಿ ತಾವು ಮೈನಡುಗಿಸಿದ್ದು ನಿಜ. ಆದರೆ ಜನರ ಬಾಯಿಗೆ ಬಿದ್ದದ್ದು ಹೂಗಳ ನಡುವಿಂದ ಏಳುವ ಒಣಕಲು ಹೆಣ. ಅದು ನಟ ಕಿಲಿಯನ್ ಮರ್ಫಿಯೇ ಎಂದು ಲೋಕವೆಲ್ಲ ಪಂದ್ಯ ಕಟ್ಟಿತು, ಆಮೇಲೆ ನೋಡಿದರೆ ಅದು ಬೇರೆಯವರು. ಗಾಳಿಸುದ್ದಿಗೆ ಸಂಬಳ ಕೊಡಬೇಕಿಲ್ಲ.

ಆ ಶಾಸ್ತ್ರದಲ್ಲಿ ಅಗ್ರತಾಂಬೂಲ ನಮಗೇ ಸಲ್ಲಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ನಮ್ಮ ಹಳ್ಳಿಗಳಲ್ಲೂ ಒಂದು ಹೆಣ್ಣು ದೆವ್ವ ರಾತ್ರಿ ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತು. ಜನ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ, ಸುಣ್ಣದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಮತ್ತೆ ಬಂದು ಅದನ್ನೇ ಓದುತ್ತದೆ. ನಿರ್ಮಾಪಕ ಇಲ್ಲ, ಮುದ್ರಣಾಲಯ ಇಲ್ಲ, ಎರಡು ಪದ. 2018ರಲ್ಲಿ ಹಿಂದಿಯ ‘ಸ್ತ್ರೀ’ ಆ ಎರಡು ಪದಗಳನ್ನು ಅನುವಾದಿಸಿಕೊಂಡು ಗೋಡೆ ತುಂಬ ಬರೆಸಿ ಪೆಟ್ಟಿಗೆ ತುಂಬಿಸಿತು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ನಂಬಿಕೆಯಲ್ಲಿ ಎಷ್ಟು ಭಾಷಾಭಿಮಾನವಿತ್ತೆಂದು ಈಗ ನೆನೆದರೆ ಕಣ್ಣು ತುಂಬುತ್ತದೆ. ಕನ್ನಡದಲ್ಲಿ ಬರೆದ ಚೆಕ್ಕನ್ನು ಬ್ಯಾಂಕಿನವರು ವಾಪಸು ಕಳುಹಿಸುತ್ತಿದ್ದ ಕಾಲದಲ್ಲೂ ದೆವ್ವ ಮಾತ್ರ ಕನ್ನಡಕ್ಕೆ ಬೆಲೆ ಕೊಟ್ಟಿತ್ತು.

ಕೊನೆಯದಾಗಿ, ಈ ಪತ್ರ ಬರೆಯಲು ಕಾರಣವಾದ ಪ್ರಸಂಗ. ಹೋದ ವರ್ಷ ಅಕ್ಟೋಬರ್ ಕೊನೆಗೆ ಊರಿನಿಂದ ಅಮ್ಮ ಬಂದಿದ್ದಳು. ಗಡಿಯಾರ ಹಿಂದಕ್ಕೆ ತಿರುಗಿಸಿದ ವಾರ, ಐದು ಗಂಟೆಗೇ ಕತ್ತಲು. ಆಫೀಸು ಮುಗಿಸಿ ಅಮ್ಮನನ್ನು ಕರೆದುಕೊಂಡು ಸೌತ್ ಡಾಕ್‌ನ ಕಾಲುಸೇತುವೆಯ ಕಡೆ ಹೊರಟೆ. ಸೇತುವೆಯ ತಲೆಯಲ್ಲಿ, ನೀರಿನ ಅಂಚಿನ ಕಂಬಿಗೆ ಬೆನ್ನು ಕೊಟ್ಟು, ಬಿಳಿ ನಿಲುವಂಗಿಯ ಹುಡುಗಿಯೊಬ್ಬಳು ಅಲುಗಾಡದೆ ನಿಂತಿದ್ದಳು. ಒದ್ದೆ ಕೂದಲು ಮುಖದ ಮೇಲೆ, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬರಿಗಾಲು. ಮುಂದೆ ಹೋಗುತ್ತಿದ್ದ ಇಬ್ಬರು ಕಿಟಾರನೆ ಕಿರುಚಿ, ಆಮೇಲೆ ನಕ್ಕು ಫೋನ್ ತೆಗೆದರು. ನನಗೂ ಒಳಗೆ ಝಲ್ಲೆಂದಿತು. ಅಮ್ಮ ಮೊದಲು ನೋಡಿದ್ದು ಪಾದ. ನಮ್ಮ ಕಡೆ ದೆವ್ವದ ಪಾದ ಹಿಂದುಮುಂದು. ಇದು ನೆಟ್ಟಗಿತ್ತು, ಹೆಬ್ಬೆರಳಿನ ಉಗುರಿಗೆ ನೀಲಿ ಬಣ್ಣ, ಚಳಿಗೆ ಬೆರಳುಗಳು ಮುದುರಿಕೊಂಡಿದ್ದವು.

“ಏನಮ್ಮಾ, ಈ ಚಳೀಲಿ ಹಿಂಗ್ ನೆಂದ್ಕೊಂಡು ನಿಂತಿದೀಯಲ್ಲ, ಮನೇಲಿ ಯಾರೂ ಇಲ್ವಾ?” ಎನ್ನುತ್ತಾ ಅಮ್ಮ ಸೀದಾ ಹೋಗಿ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು. ಕೂದಲು ಸರಿಸಿ ಮುಖ ನೋಡಿದಳು. ಬಿಳಿ ಬಣ್ಣದ ಕೆಳಗೆ ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸಿನ ಹುಡುಗಿ. ಆಕೆ ತುಟಿ ಅಲುಗಿಸದೆ ನನಗೆ ಹೇಳಿದಳು: ಮಾತಾಡುವ ಹಾಗಿಲ್ಲ, ಎಂಟಕ್ಕೆ ಶಿಫ್ಟ್ ಮುಗಿಯುತ್ತದೆ.

“ಏನಂತೆ ಕಣೋ?”

“ದೆವ್ವ ಅಂತಮ್ಮ. ಸಿನಿಮಾದ್ದು.”

“ದೆವ್ವವೋ ಗಿವ್ವವೋ, ಒದ್ದೆ ಆಗಿದಾಳಲ್ಲೋ.” ಅಮ್ಮ ಚೀಲದಿಂದ ಎರಡು ಕೋಡುಬಳೆ ತೆಗೆದು ದೆವ್ವದ ಕೈಗಿಟ್ಟಳು. ದೆವ್ವ ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡಿತು.

ಅಷ್ಟರಲ್ಲಿ ಕಂಬದ ಹಿಂದಿನಿಂದ ತಮ್ಮ ಪ್ರತಿನಿಧಿಯೊಬ್ಬರು ಪ್ರತ್ಯಕ್ಷರಾದರು. ಕಿವಿಗೆ ಹೆಡ್‌ಸೆಟ್ಟು, ಒಳ್ಳೆಯ ದಪ್ಪ ಕೋಟು, ಕೈಯಲ್ಲಿ ಒಪ್ಪಿಗೆ ಪತ್ರ. ಬಹಳ ವಿನಯದಿಂದ ಕೇಳಿದರು: ಎಲ್ಲವೂ ಚಿತ್ರೀಕರಣವಾಗುತ್ತಿದೆ, ತಮ್ಮ ತಾಯಿಯವರು ಇನ್ನೊಮ್ಮೆ ಅಲ್ಲಿಂದ ನಡೆದು ಬಂದು ಈ ಸಲ ಸ್ವಲ್ಪ ಹೆದರಬಹುದೇ? ನಾನು ಅನುವಾದಿಸಿದೆ. ಅಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ನೆಂದಿರೋ ಮಗೂನ ನೋಡಿ ಯಾರಾದ್ರೂ ಹೆದರ್ತಾರೇನೋ? ಆ ಕೋಟು ಇವಳಿಗೆ ಕೊಡೋಕೆ ಹೇಳು” ಎಂದಳು. ಈ ಭಾಗವನ್ನು ನಾನು ಅನುವಾದಿಸಲಿಲ್ಲ. ಸಹಿ ಮಾಡದ ಒಪ್ಪಿಗೆ ಪತ್ರ ಇನ್ನೂ ನನ್ನ ಬಳಿಯಿದೆ, ಬೇಕಾದರೆ ಕಳುಹಿಸಿಕೊಡುತ್ತೇನೆ.

ಹೊರಡುವಾಗ ಅಮ್ಮ ಹುಡುಗಿಯ ಗಲ್ಲ ಹಿಡಿದು ನಮ್ಮ ಕಟ್ಟಡವನ್ನು ಬೆರಳು ಮಾಡಿ ತೋರಿಸಿದಳು. “ಅದೇ ಮನೆ. ನಾಳೆ ಬಾಮ್ಮಾ. ಬಿಸಿ ಅನ್ನ, ಸಾರು ಮಾಡಿರ್ತೀನಿ.” ಆ ಎರಡು ಪದ ಕೇಳಿ ನಾನು ನಿಂತಲ್ಲೇ ನಿಂತೆ. ನನ್ನ ಅಕ್ಕಂದಿರು ನಮ್ಮ ಮನೆಯ ಬಾಗಿಲಿಗೂ ಅದನ್ನೇ ಬರೆದಿದ್ದರು. ಅಮ್ಮನಿಗೆ ಅದು ನೆನಪಾದಂತೆ ಕಾಣಲಿಲ್ಲ.

ಮರುದಿನ ಸಂಜೆ ಅಮ್ಮ ಒಂದು ಪಾವು ಹೆಚ್ಚಿಗೆ ಅಕ್ಕಿ ಹಾಕಿದ್ದಳು. ಸೇತುವೆಗೆ ಹೋದೆವು. ಅದೇ ನಿಲುವಂಗಿ, ಅದೇ ಒದ್ದೆ ಕೂದಲು, ಅದೇ ಕಂಬಿ. ಅಮ್ಮ ಹತ್ತಿರ ಹೋಗಿ ಬಗ್ಗಿ ನೋಡಿ ವಾಪಸು ಬಂದಳು. “ಇವಳು ನಿನ್ನೆಯವಳಲ್ಲ ಕಣೋ. ಉಗುರು ನೋಡು.” ಶಾಲು ಕೂಡ ಸಿಗಲಿಲ್ಲ. ಸಿಗಬಾರದೆಂದೇ ನನ್ನ ಹಾರೈಕೆ.

ಆದ್ದರಿಂದ ಮಹಾಸ್ವಾಮಿಗಳೇ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ: ಹೆದರಿಸಿ, ಬೇಡವೆನ್ನುವುದಿಲ್ಲ. ದುಡ್ಡು ಕೊಟ್ಟು ಕತ್ತಲಲ್ಲಿ ಕೂರುವುದು ನನಗೂ ಇಷ್ಟವೇ. ಆಂಬುಲೆನ್ಸು, ಕಾಣೆಯಾದವರ ಚಿತ್ರ, ಅಪಾಯದ ಫಲಕ ಇವಿಷ್ಟನ್ನು ಊರಿಗೆ ವಾಪಸು ಕೊಡಿ, ಮುಂದೆ ಎಂದಾದರೂ ನಮಗೆ ಬೇಕಾದೀತು. ನೀರಿನ ಅಂಚಿನಲ್ಲಿ ನಿಲ್ಲಿಸುವ ದೆವ್ವಗಳಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಡಿ, ನಿಲುವಂಗಿ ಉದ್ದವಿದ್ದರೆ ಕಾಣುವುದಿಲ್ಲ.

ಈ ಅಕ್ಟೋಬರಿಗೂ ತಾವು ದಯಮಾಡಿಸುವಿರೆಂದು ಬಲ್ಲೆ. ನಮ್ಮ ಕಟ್ಟಡದ ಕರಾರಿನ ಪ್ರಕಾರ ಬಾಗಿಲ ಮೇಲೆ ಏನನ್ನೂ ಬರೆಯುವಂತಿಲ್ಲ, ಸೀಮೆಸುಣ್ಣದಲ್ಲೂ ಸಹ. ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ. ದೆವ್ವಕ್ಕಾದರೆ ಏಕವಚನ ನಡೆಯುತ್ತದೆ, ಚಳಿಯಲ್ಲಿ ನೆಂದ ಹುಡುಗಿಗೂ ನಡೆಯುತ್ತದೆ. ತಾವು ದೊಡ್ಡವರು, ತಮಗೆ ಬಹುವಚನವೇ ಸಲ್ಲಬೇಕು.

ನಾಳೆ ಬನ್ನಿ.

ಇಂತಿ ತಮ್ಮ ವಿಧೇಯ,
ಕ್ಯಾನರಿ ವಾರ್ಫ್‌ನ ಒಬ್ಬ ಬಾಡಿಗೆದಾರ